ಚಂದ್ರಿಕೆ ಶೆಡ್ಡಿನ ಗೋಡೆ ಒಡೆದದ್ದು

ಮಗಳು ಫೋನು ಮಾಡಿ, “ಅವ್ವಾ, ಸೀಮಂತ ಮುಗುದ್ ಮ್ಯಾಲೆ ನಮ್ಮನೇಗೇ ಬತ್ತೀನಿ. ನಂಗೆ ಕೋಣೆ ಖಾಲಿ ಮಾಡ್ಸಿರು” ಅಂದಾಗ ನಾನು ಆ ಕೋಣೆಯ ಬಾಗಿಲಲ್ಲೇ ನಿಂತಿದ್ದೆ. “ಅದ್ಕೇನಂತೆ, ಬಾ ಮಗಾ” ಅಂದುಬಿಟ್ಟೆ. ಅಂದ ಮೇಲೆ ಒಳಗೆ ನೋಡಿದೆ. ನೆಲದಿಂದ ಜಂತೆಯವರೆಗೆ ಚಂದ್ರಿಕೆ ತುಂಬಿತ್ತು. ಬಾಣಂತಿ ಇರಲಿ, ಒಂದು ಬೆಕ್ಕು ಮರಿ ಹಾಕುವುದಕ್ಕೂ ಅಲ್ಲಿ ಜಾಗವಿರಲಿಲ್ಲ.

ರೇಷ್ಮೆ ಬೆಳೆಯದವರಿಗೆ ಚಂದ್ರಿಕೆ ಎಂದರೇನು ಅಂತ ಹೇಳಬೇಕು. ಆಳುದ್ದದ ಬಿದಿರಿನ ತಟ್ಟಿ ಅದು. ಅದರ ಮೇಲೆ ಬೆರಳಗಲದ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ಹುಳ ಸೊಪ್ಪು ತಿನ್ನುವುದು ಬಿಟ್ಟು, ಮೈ ತಿಳಿಯಾಗಿ, ಹಣ್ಣಾದ ಮೇಲೆ ಆಯ್ದು ಈ ತಟ್ಟಿಯ ಮೇಲೆ ಬಿಟ್ಟರೆ ಸುರುಳಿಯ ಸಂದಿಯಲ್ಲಿ ಕೂತು ಗೂಡು ಕಟ್ಟುತ್ತದೆ. ಬೆಳೆಗೊಮ್ಮೆ ಕೆಲವು ದಿನ ಮಾತ್ರ ಇದರ ಕೆಲಸ. ಮಿಕ್ಕ ದಿನವೆಲ್ಲ ನೆಂಟರ ಹಾಗೆ ನಮ್ಮ ಕೋಣೆಯಲ್ಲಿ ಬಿದ್ದಿರುತ್ತದೆ. ನಮ್ಮದು ಪಡಸಾಲೆ, ಅಡುಗೆಮನೆ ಮತ್ತು ಈ ಒಂದು ಕೋಣೆಯ ಮನೆ. ಹುಳಕ್ಕೆ ಹಿತ್ತಲಲ್ಲಿ ಬೇರೆ ಮನೆಯೇ ಇದೆ. ಹೆತ್ತ ಮಗಳಿಗೆ ಕೋಣೆ ಇಲ್ಲ ಅಂದರೆ ನನಗೆ ಮೈಯೆಲ್ಲ ಉರಿಯಿತು.

ಅವತ್ತೇ ಊಟಕ್ಕೆ ಕೂತಾಗ, “ಹಿತ್ಲಲ್ಲಿ ಚಂದ್ರಿಕೆಗೆ ಒಂದು ಶೆಡ್ಡು ಕಟ್ಸನ” ಅಂದೆ. ನಮ್ಮನೆಯವರು ಮುದ್ದೆ ಮುರಿಯುತ್ತ, “ಈ ಬೆಳೆ ಆಗ್ಲಿ ತಡಿ ಅಮ್ಮಿ. ಮುಂದ್ಲ ಬೆಳೇಲಿ ನೋಡನ” ಅಂದರು. ಅವರ ಎಲ್ಲ ಕೆಲಸವೂ ಮುಂದಿನ ಬೆಳೆಯಲ್ಲೇ ಆಗುವಂಥದು. ಆದರೆ ನನಗಿಂತ ಮೊದಲು ನಮ್ಮತ್ತೆ ಬಾಯಿ ಹಾಕಿದರು.

“ಮುಂದ್ಲ ಬೆಳೆ ಒತ್ಗೆ ನಿನ್ ಮೊಮ್ಮಗ ಚಂದ್ರಿಕೆ ಮ್ಯಾಲೇ ಮಲ್ಗಿರ್ತಾನೆ. ಅವ್ನ ಕೈಲೂ ಗೂಡು ಕಟ್ಟುಸ್ತೀಯೇನ್ಲಾ?”

ನಮ್ಮನೆಯವರು ಸಾರು ಬಡಿಸಿಕೊಂಡರು. ಶೆಡ್ಡು ಪಾಸಾಯಿತು.

ಚಾಕಿ ಹುಳ, ಅಂದರೆ ಎರಡು ಜ್ವರ ದಾಟಿಸಿ ಸಾಕಿಕೊಡುವ ಮರಿಹುಳ, ಬರುವುದಕ್ಕೆ ಇನ್ನೂ ಸ್ವಲ್ಪ ಸಮಯವಿತ್ತು. ಜ್ವರವೆಂದರೆ ಕಾಯಿಲೆಯಲ್ಲ. ಹುಳ ಸೊಪ್ಪು ಮುಟ್ಟದೆ, ತಲೆ ಎತ್ತಿ ಸುಮ್ಮನೆ ಕೂತು, ಪೊರೆ ಬಿಡುವುದನ್ನು ನಾವು ಹಾಗೆನ್ನುತ್ತೇವೆ. ನಮ್ಮ ಮನೆಗೆ ಬಂದ ಮೇಲೆ ಮೂರನೇ ಜ್ವರ, ನಾಲ್ಕನೇ ಜ್ವರ, ಆಮೇಲೆ ರಾಕ್ಷಸರಂತೆ ತಿಂದು ಹಣ್ಣು. ಹಣ್ಣಾದ ಹುಳ ಕಾಯುವುದಿಲ್ಲ. ಅಷ್ಟರಲ್ಲಿ ಶೆಡ್ಡು ಎದ್ದಿರಬೇಕು, ಚಂದ್ರಿಕೆ ಅದರೊಳಗೆ ಇರಬೇಕು, ಗೂಡೂ ಅಲ್ಲೇ ಕಟ್ಟಬೇಕು. ಗೂಡು ಬಿಡಿಸಿದ ಬೆನ್ನಲ್ಲೇ ಮಗಳ ಸೀಮಂತ. ನನ್ನ ಲೆಕ್ಕ ಕ್ಯಾಲೆಂಡರಿನದಾಗಿರಲಿಲ್ಲ, ಹುಳದ್ದಾಗಿತ್ತು.

ಪ್ಲಾನು ನಾನೇ ಹಾಕಿದೆ. ಕಾಗದದ ಮೇಲೆ ಗೆರೆ ಎಳೆದರೆ ನನಗೆ ತಲೆಗೆ ಹೋಗುವುದಿಲ್ಲ. ಆದ್ದರಿಂದ ಕೋಣೆಯಿಂದ ಒಂದಿಷ್ಟು ಚಂದ್ರಿಕೆ ಹೊತ್ತು ತಂದು ಹಿತ್ತಲಿನ ಅಂಗಳದಲ್ಲೇ ನಿಜವಾಗಿ ಜೋಡಿಸಿದೆ. ಒಂದಕ್ಕೊಂದು ಒರಗಿಸಿ ನಿಲ್ಲಿಸಿದರೆ ಎಷ್ಟು ಜಾಗ ಬೇಕು, ನಡುವೆ ಬುಟ್ಟಿ ಹಿಡಿದು ಓಡಾಡಲು ಎಷ್ಟು ಬೇಕು, ಬಾಗಿಲಲ್ಲಿ ತಟ್ಟಿ ಅಡ್ಡ ಹಿಡಿದು ತಿರುಗಿಸಲು ಎಷ್ಟು ಬೇಕು ಅಂತ ನಾನೇ ಬುಟ್ಟಿ ಹಿಡಿದು ನಡೆದು ನೋಡಿದೆ. ಸೊಂಟ ತಾಗಿದ ಕಡೆ ಒಂದು ಗೇಣು ಹೆಚ್ಚು ಬಿಟ್ಟೆ. ಆಮೇಲೆ ಸುತ್ತಲೂ ಹುಳಕ್ಕೆ ಹಾಕುವ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಚಂದ್ರಿಕೆ ಎತ್ತಿಬಿಟ್ಟೆ. ನೆಲದ ಮೇಲೆ ನನ್ನ ಶೆಡ್ಡು ರಂಗೋಲಿಯಂತೆ ಕೂತಿತ್ತು. ಅದನ್ನು ನೋಡಿ ನನಗೆ ಆದ ಹಿಗ್ಗು ಎಷ್ಟೆಂದರೆ, ಯಾರೂ ತುಳಿಯದಿರಲಿ ಅಂತ ನಾಯಿಯನ್ನು ಕಟ್ಟಿಹಾಕಿದೆ.

ಮಾರನೆಯ ದಿನ ಬಂದ ಮೇಸ್ತ್ರಿ ನಮ್ಮ ಪಕ್ಕದ ಊರಿನವನು. ಹುಳದ ಮನೆ ಕಟ್ಟಿದವನೂ ಅವನೇ. ಮೂರು, ನಾಲ್ಕು, ಐದು ಅಂತ ನೂಲಿನಲ್ಲಿ ಅಳತೆ ಹಿಡಿದು ಮೂಲೆ ನೋಡಿದವನು ನಗಲು ಶುರುಮಾಡಿದ.

“ಅಕ್ಕೋ, ನಿನ್ ಶೆಡ್ಡು ಒಸಿ ಸಾತ್ನೂರ್ ಕಡೀಕೆ ತಿರೀಕಂಡೈತೆ. ಬಸ್ ಹಿಡ್ಯಕ್ಕೆ ಒಂಟೈತಾ?”

“ನೀನು ಸರಿಮಾಡು, ಅದ್ಕೇ ತಾನೆ ನಿನ್ ಕರ್ಸಿರದು” ಅಂದೆ. ಸರಿಮಾಡಿದ. ಗೆರೆ ಬದಲಾದರೂ ನನ್ನ ಅಗಲ ಉದ್ದ ಒಂದಂಗುಲವೂ ಕಡಿಮೆಯಾಗದಂತೆ ಪಕ್ಕದಲ್ಲೇ ನಿಂತು ಕಾದೆ.

ಹಳೆಯ ಕೊಟ್ಟಿಗೆ ಬಿಚ್ಚಿದಾಗಿನ ಕಲ್ಲುಕಂಬಗಳು ಬೇಲಿ ಪಕ್ಕ ಬಿದ್ದಿದ್ದವು. ಅವನ್ನೇ ನಿಲ್ಲಿಸಿ, ಭಾರವೆಲ್ಲ ಕಂಬದ ಮೇಲೆ ಹಾಕಿ, ಗೋಡೆಯನ್ನು ನಡುವೆ ತುಂಬಿಸೋಣ ಅಂದೆ. ಕಲ್ಲು ಸುಮ್ಮನೆ ಬಿದ್ದಿದೆಯಲ್ಲ ಅನ್ನುವುದಷ್ಟೇ ನನ್ನ ತಲೆಯಲ್ಲಿದ್ದದ್ದು. ಗುಂಡಿ ತೆಗೆಯುವಾಗ ಮೊದಲ ವಿಘ್ನ ಬಂತು. ಮೂಡಣ ಮೂಲೆಯ ಗುಂಡಿಯಲ್ಲಿ ಮೊಳದಾಳಕ್ಕೆ ಹಾರೆ ಠಣ್ ಅಂದಿತು. ನಮ್ಮ ಸೀಮೆಯಲ್ಲಿ ಬಂಡೆ ಎಲ್ಲಿ ತಲೆ ಇಟ್ಟುಕೊಂಡು ಮಲಗಿರುತ್ತದೋ ಹೇಳಲಾಗದು. ಉಳಿ ಹಿಡಿದು ಅರ್ಧ ದಿನ ಕುಟ್ಟಿದರೂ ಅಂಗೈಯಷ್ಟೇ ಎದ್ದಿತು. ಆ ಕಂಬವೊಂದನ್ನು ಈಚೆ ತರೋಣ ಅಂದ ಮೇಸ್ತ್ರಿ. ಒಂದು ಕಂಬ ಸರಿದರೆ ಚಾವಣಿಯ ಪೈಪು ಸೊಟ್ಟಗಾಗುತ್ತದೆ. ಇಡೀ ಶೆಡ್ಡನ್ನೇ ಎರಡಡಿ ಪಡುವಣಕ್ಕೆ ಸರಿಸು ಅಂದೆ. ಆ ಕಡೆ ಅತ್ತೆಯ ನುಗ್ಗೆಮರ. ಅವರು ಮರದ ಬುಡದಲ್ಲೇ ಹೋಗಿ ಕೂತರು. ಕೊನೆಗೆ ಒಂದು ಕೊಂಬೆಗೆ ರಾಜಿಯಾಯಿತು, ಅವತ್ತು ಮನೆಯಲ್ಲಿ ನುಗ್ಗೆಸೊಪ್ಪಿನ ಉಪ್ಪುಸಾರು.

ಕಂಬ ನಿಂತವು. ತೂಗುಗುಂಡು ಬಿಟ್ಟು ನೆಟ್ಟಗೆ ನೋಡಿ, ನೀರಿನ ಟ್ಯೂಬು ಹಿಡಿದು ತಲೆಮಟ್ಟ ಸರಿಮಾಡಿ, ಬುಡಕ್ಕೆ ಕಾಂಕ್ರೀಟು ತುಂಬಿ, ತಲೆಗೆ ತೂತು ಕೊರೆದು ಕಬ್ಬಿಣದ ಪೈಪುಗಳನ್ನು ಬೋಲ್ಟು ಹಾಕಿ ಕೂರಿಸಿದರು. ಮೊದಲು ಚಾವಣಿ, ಆಮೇಲೆ ಗೋಡೆ. ಹುಳದ ಮನೆಯ ಕಡೆಗೆ ನೀರು ಬೀಳದಂತೆ ಇಳಿಜಾರನ್ನು ಪಡುವಣಕ್ಕೆ ಕೊಟ್ಟೆವು. ಬಟ್ಟೆ ಒಗೆಯುವ ಕಲ್ಲಿಗೆ ನೆರಳಾಗಲಿ ಅಂತ ನಾನು ಪಡುವಣ ಕಡೆ ತಗಡಿನ ಶೀಟನ್ನು ಒಂದು ಮಾರಿನಷ್ಟು ಆಚೆಗೆ ಚಾಚಿಸಿದೆ. “ಬಟ್ಟೆ ಒಗ್ಯೋಕೂ ಛತ್ರಿ ಬೇಕಾ ನಿಂಗೆ?” ಅಂದರು ನಮ್ಮನೆಯವರು. ಒಗೆಯುವವರಿಗೆ ಗೊತ್ತು ಬಿಸಿಲು. ಶೀಟಿಗೆ ಸ್ಕ್ರೂ ಹೊಡೆಯುವಾಗ ಮೇಸ್ತ್ರಿ ಒಂದೊಂದನ್ನೂ ಉಬ್ಬಿನ ಮೇಲೇ ಹೊಡೆದ, ರಬ್ಬರ್ ಬಿಲ್ಲೆ ಹಾಕಿಯೇ ಹೊಡೆದ. ತಗ್ಗಿನಲ್ಲಿ ಹೊಡೆದರೆ ನೀರು ಹರಿಯುವ ದಾರಿಗೇ ತೂತು ಮಾಡಿದ ಹಾಗೆ ಅಂತ ನನಗೆ ಕೂಗಿ ಹೇಳುತ್ತಿದ್ದ.

ಇಷ್ಟೊತ್ತಿಗೆ ಚಾಕಿ ಹುಳ ಮನೆಗೆ ಬಂದು ಮೂರನೇ ಜ್ವರಕ್ಕೆ ಕೂತಿತ್ತು. ಇತ್ತ ಟೊಳ್ಳು ಸಿಮೆಂಟ್ ಬ್ಲಾಕಿನ ಗೋಡೆ ಏಳುತ್ತಿತ್ತು. ಆ ಗೋಡೆಯಲ್ಲೇ ನಾವೆಲ್ಲ ಸೇರಿ ಎಡವಿದ್ದು.

ನಮ್ಮ ಕೈಗೆ ಗೊತ್ತಿರುವ ಕಟ್ಟಡ ಒಂದೇ, ಹುಳದ ಮನೆ. ಎಳೆ ಹುಳಕ್ಕೆ ಬೆಚ್ಚಗಿರಬೇಕು, ಗಾಳಿ ನೇರ ಬೀಸಬಾರದು, ಊಜಿ ನೊಣ ಒಳಗೆ ಬಂದು ಹುಳದ ಮೈಮೇಲೆ ಮೊಟ್ಟೆ ಇಡಬಾರದು, ಇಲಿ ಇರುವೆ ಸುಳಿಯಬಾರದು. ಎಲ್ಲೇ ಒಂದು ಸಂದಿ ಕಂಡರೂ ಮುಚ್ಚುವುದು ನಮಗೆ ಉಸಿರಾಡಿದಷ್ಟು ಸಲೀಸು. ಆದ್ದರಿಂದ ನಮ್ಮನೆಯವರು ಬಂದು, “ಇಲಿ ಬತ್ತವೆ ಕಣ್ಲಾ, ಕಿಟ್ಕಿ ಚಿಕ್ದು ಮಾಡು” ಅಂದರು. ಅತ್ತೆ ಬಂದು, “ಊಜಿ ಬತ್ತದೆ ಕಣಪ್ಪಾ, ಗ್ವಾಡೇಗೂ ಶೀಟ್ಗೂ ಮಧ್ಯ ಸಂದಿ ಬುಡ್ಬ್ಯಾಡ” ಅಂದರು. ನಾನೇನು ಕಡಿಮೆಯೆ? ಬ್ಲೀಚಿಂಗ್ ನೀರು ಹಾಕಿ ತೊಳೆಯುವ ಹಾಗೆ ಒಳಗೆಲ್ಲ ನುಣ್ಣಗೆ ಗಾರೆ ಬಳಿ ಅಂದೆ. ಮೇಸ್ತ್ರಿ ಎಲ್ಲರ ಮಾತನ್ನೂ ಕೇಳಿದ. ಮುಗಿದಾಗ ಬಾಗಿಲು ಹಾಕಿದರೆ ಒಳಗೆ ಡಬ್ಬಿಯಂತಿತ್ತು. “ಒಂದ್ ಸೊಳ್ಳೆ ಓಗ್ಲಿ ನೋಡನ!” ಅಂತ ನಮ್ಮನೆಯವರು ಎದೆಯುಬ್ಬಿಸಿ ಊರಿನ ನಾಲ್ಕು ಜನರನ್ನು ಕರೆದು ತೋರಿಸಿದರು. ಅಲ್ಲಿ ಇರಬೇಕಾದದ್ದು ಹುಳದ ಮರಿಯಲ್ಲ, ಬಿದಿರಿನ ತಟ್ಟಿ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಚಂದ್ರಿಕೆ ಸಾಗಿಸಿದ ದಿನ ನನಗೆ ಹಬ್ಬ. ಎಲ್ಲವನ್ನೂ ತೊಳೆದು ಬಿಸಿಲಿಗೆ ಒಣಗಿಸಿ, ಬಾಗಿಲಿಗೆ ಅರಿಶಿನ ಕುಂಕುಮ ಇಟ್ಟು, ಒಂದೊಂದಾಗಿ ತಲೆಯ ಮೇಲೆ ಹೊತ್ತು ಹೊಸ ಶೆಡ್ಡಿಗೆ ಸಾಗಿಸಿದೆವು. ಕೋಣೆ ಖಾಲಿಯಾಯಿತು. ಒಳಗೆ ನಿಂತು “ಮಗಾ” ಅಂತ ಸುಮ್ಮನೆ ಕೂಗಿದೆ, ಧ್ವನಿ ತಿರುಗಿ ಬಂತು. ಎಷ್ಟು ವರ್ಷವಾಗಿತ್ತು ಆ ಕೋಣೆಯ ನೆಲ ನೋಡಿ! ಅವತ್ತೇ ಸುಣ್ಣ ಬಳಿಸಿ, ಮಂಚ ಹಾಕಿಸಿ, ಮಗಳಿಗೆ ವಿಡಿಯೋ ಕಾಲ್ ಮಾಡಿ ನಾಲ್ಕು ಗೋಡೆಯನ್ನೂ ತೋರಿಸಿದೆ. ಅವಳು ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು.

ಹುಳ ನಾಲ್ಕನೇ ಜ್ವರದಿಂದ ಎದ್ದು ಗಬಗಬನೆ ತಿನ್ನತೊಡಗಿತ್ತು. ಒಂದು ಬೆಳಗ್ಗೆ ಬುಟ್ಟಿ ತೆಗೆದುಕೊಳ್ಳಲು ಶೆಡ್ಡಿನ ಬಾಗಿಲು ತೆಗೆದೆ. ಮುಖಕ್ಕೆ ಮುಗ್ಗಲು ವಾಸನೆ ಹೊಡೆಯಿತು. ಮೇಲಿನ ಚಂದ್ರಿಕೆ ಮುಟ್ಟಿದರೆ ಕೈ ಒದ್ದೆ. ಬಿದಿರಿನ ಗಿಣ್ಣಿನಲ್ಲಿ ಬೂದಿ ಉದುರಿಸಿದ ಹಾಗೆ ಬೆಳ್ಳಗೆ ಬೂಷ್ಟು.  ಬೂಷ್ಟು ಹಿಡಿದ ಚಂದ್ರಿಕೆಗೆ ಹಣ್ಣುಹುಳ ಬಿಟ್ಟರೆ ಗೂಡು ಕಟ್ಟುವುದೇ ಅನುಮಾನ. ಕಟ್ಟಿದರೂ ಅದನ್ನು ರಾಮನಗರದ ಮಾರುಕಟ್ಟೆಯಲ್ಲಿ ಯಾರೂ ಮುಟ್ಟಿ ನೋಡುವುದಿಲ್ಲ.

“ಸೋರ್ತೈತೆ” ಅಂದರು ನಮ್ಮನೆಯವರು, ಮೇಸ್ತ್ರಿಗೆ ಫೋನು ಮಾಡಿ ಬಯ್ದೂಬಿಟ್ಟರು. ಅವನು ಓಡಿಬಂದ, ಮುಖ ಕೆಂಪಗಾಗಿತ್ತು. “ಸೋರಿದ್ರೆ ನನ್ ಕರಣೆ ಮುಟ್ಟಾಕಿಲ್ಲ ಕಣಣ್ಣ” ಅಂದ. ಸರಿ, ಪರೀಕ್ಷೆಯೇ ಆಗಲಿ ಅಂತ ನಾನು ಚಂದ್ರಿಕೆಗಳನ್ನು ಆಚೆ ಹಾಕಿಸಿ, ಶೆಡ್ಡಿನ ನೆಲದ ತುಂಬ ಒಲೆಯ ಒಣ ಬೂದಿಯನ್ನು ತೆಳ್ಳಗೆ ಹರಡಿದೆ. ಒಂದು ಹನಿ ಬಿದ್ದರೂ ಬೂದಿಯಲ್ಲಿ ಗುಳಿ ಕಾಣುತ್ತದೆ. ಮೇಸ್ತ್ರಿ ಮೇಲೆ ಹತ್ತಿ ಮೋಟರಿನ ಪೈಪು ಹಿಡಿದು ಶೀಟಿನ ಮೇಲೆಲ್ಲ, ಒಂದೊಂದು ಸ್ಕ್ರೂ ತಲೆಯ ಮೇಲೂ ನೀರು ಬಿಟ್ಟ. ನಾನು ಬೂದಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಒಂದು ಹನಿಯೂ ಬೀಳಲಿಲ್ಲ. ಮೇಸ್ತ್ರಿ ಕೆಳಗಿಳಿದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

ಬೂದಿಯನ್ನು ಹಾಗೇ ಬಿಟ್ಟು ಬಾಗಿಲು ಹಾಕಿಕೊಂಡು ಬಂದೆವು. ಮಾರನೆ ಬೆಳಗ್ಗೆ ತೆಗೆದು ನೋಡಿದರೆ ಬೂದಿಯ ತುಂಬ ಸಾಲುಸಾಲು ಗುಳಿ! ಮಳೆ ಬಂದಿರಲಿಲ್ಲ, ಆಕಾಶದಲ್ಲಿ ಮೋಡವೂ ಇರಲಿಲ್ಲ. ಸ್ಟೂಲು ಹಾಕಿ ಹತ್ತಿ ಶೀಟಿನ ಒಳಮೈ ಸವರಿದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಅಂಗೈ ತುಂಬ ನೀರು. ಆಗ ನನಗೆ ಝಗ್ಗನೆ ಹೊಳೆಯಿತು. ಗಾರೆ ಇನ್ನೂ ಹಸಿ. ಹಗಲು ಬಿಸಿಲಿಗೆ ಗೋಡೆಯ ನೀರೆಲ್ಲ ಆವಿಯಾಗಿ ಏಳುತ್ತದೆ, ಹೋಗಲು ದಾರಿಯಿಲ್ಲ, ಬೆಳಗಿನ ಜಾವ ತಗಡು ತಣ್ಣಗಾದಾಗ ಹನಿಗಟ್ಟಿ ಉದುರುತ್ತದೆ. ಮಳೆ ಶೆಡ್ಡಿನ ಒಳಗೇ ಹುಟ್ಟುತ್ತಿತ್ತು. ಇದು ಗಾರೆ ಒಣಗಿದರೆ ಮುಗಿಯುವ ಕತೆಯೂ ಅಲ್ಲ. ಹಣ್ಣುಹುಳ ಗೂಡು ಕಟ್ಟುವ ಮುಂಚೆ ಮೈಯಲ್ಲಿರುವ ನೀರನ್ನೆಲ್ಲ ಉಚ್ಚೆ ಹುಯ್ಯುತ್ತದೆ. ಆ ತೇವ ಆರದಿದ್ದರೆ ಗೂಡಿನ ಮೇಲೆ ಕಲೆ ಬೀಳುತ್ತದೆ, ಎಳೆ ಬಿಚ್ಚುವುದಿಲ್ಲ. ಚಂದ್ರಿಕೆಗೆ ಬೇಕಾದದ್ದು ಗಾಳಿ. ನಾವು ಕಟ್ಟಿದ್ದು ಗಾಳಿಯ ವೈರಿಯನ್ನು.

ನಮ್ಮನೆಯವರು ಟೇಬಲ್ ಫ್ಯಾನು ತಂದಿಟ್ಟರು. ಅದು ಅದೇ ಹಸಿ ಗಾಳಿಯನ್ನು ಈ ಮೂಲೆಯಿಂದ ಆ ಮೂಲೆಗೆ ತಳ್ಳಿತು. ಬಾಗಿಲು ತೆರೆದಿಟ್ಟೆವು. ಬಾಗಿಲ ಹತ್ತಿರ ಒಣಗಿತು, ಹಿಂದೆ ಹಾಗೇ. ಕೊನೆಗೆ ಅವರು, “ಸುಮ್ಕೆ ಕೋಣೇಗೇ ತುಂಬುಸ್ಬುಡನ ಅಮ್ಮಿ. ಎಂದಿನಂಗೆ ಪಡ್ಸಾಲೇಲಿ ಗೂಡು ಕಟ್ಟುಸನ. ಹುಳ ಕಾಯಾಕಿಲ್ಲ” ಅಂದರು. ಅವರ ಮಾತು ತಪ್ಪಲ್ಲ. ಅದೇ ಹೊತ್ತಿಗೆ ಮಗಳ ಫೋನು ಬಂತು. ಅಪ್ಪ ಆಗಲೇ ಅವಳಿಗೆ ಹೇಳಿದ್ದರೆಂದು ಕಾಣುತ್ತದೆ. “ಕಷ್ಟ ಆದ್ರೆ ಬ್ಯಾಡ ಕಣವ್ವಾ. ನಾನಿಲ್ಲೇ ಇರ್ತೀನಿ, ಅತ್ತೆ ನೋಡ್ಕತಾರೆ” ಅಂದಳು. ಅವಳ ದನಿಯಲ್ಲಿ ಬೇಸರವಿರಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ನನ್ನ ಮಗಳು ಮೊದಲ ಹೆರಿಗೆಗೆ ತವರಿಗೆ ಬರದೆ ಉಳಿಯುವುದು ಒಂದು ಹಸಿ ಗೋಡೆಯ ದೆಸೆಯಿಂದಲೋ?

“ಗೋಡೆ ಒಡ್ಸಿ” ಅಂದೆ.

“ಏನಂದೆ?”

“ಮೂಡ್ಲು ಪಡುವ್ಲು ಎರಡು ಗೋಡೇನೂ ಸೊಂಟದ ಮಟ್ಟದಿಂದ ಮ್ಯಾಕೆ ಒಡ್ಸಿ. ಈ ಕಡೆಯಿಂದ ಬಂದ್ ಗಾಳಿ ಆ ಕಡೀಕೆ ಓಗ್ಲಿ.”

ನಮ್ಮನೆಯವರು ತಲೆಯ ಮೇಲೆ ಕೈಹೊತ್ತು ಕೂತರು. “ಇನ್ನೂ ಗೋಡೆಗೆ ನೀರು ಉಣ್ಸೋದು ನಿಲ್ಸಿಲ್ಲ, ಆಗ್ಲೇ ಒಡುಸ್ತಾವ್ಳೆ ಅಂತ ಊರ್ನೋರು ನಗಾಕಿಲ್ವಾ?”

“ನಗ್ಲಿ. ನಕ್ಕೋರೇ ತಾನೆ ನಾಳೆ ಹಣ್ಣುಹುಳ ಆಯಕ್ಕೆ ಬರೋರು? ಒಳೀಕೆ ಬಂದು ಗಾಳಿ ಕುಡ್ಕಂಡು ನಗ್ಲಿ.”

ಮೇಸ್ತ್ರಿಯನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು. “ಅಕ್ಕಾ, ಕಟ್ಟಕ್ಕೆ ಕರಿ, ಊಟ ಬುಟ್ಟು ಬತ್ತೀನಿ. ನನ್ ಕೈಯಾರೆ ಎತ್ತಿದ್ ಗೋಡೆ ಒಡ್ಯಕ್ಕೆ ಬ್ಯಾರೆಯೋನ್ನ ಕರ್ಕೋ” ಅಂತ ಹುಣಸೆಮರದಡಿ ಹೋಗಿ ಕೂತ. ಬೇರೆಯವನನ್ನು ಹುಡುಕಲು ನನಗೆ ಪುರುಸೊತ್ತೆಲ್ಲಿತ್ತು? ಉಳಿ ಸುತ್ತಿಗೆ ತೆಗೆದುಕೊಂಡು ಸೀರೆ ಎತ್ತಿಕಟ್ಟಿ ಏಣಿ ಹತ್ತಿ ನಾನೇ ಬಡಿಯತೊಡಗಿದೆ. ನಾಲ್ಕೇಟು ಹಾಕಿದೆನೋ ಇಲ್ಲವೋ ಮೇಸ್ತ್ರಿ ಓಡಿಬಂದ.

“ಅಂಗ್ ಬಡುದ್ರೆ ಪೂರಾ ಗೋಡೆನೇ ಬಿರುಕು ಬುಡ್ತೈತೆ! ಇಳಿ ಕೆಳೀಕೆ, ಇಳಿಯಕ್ಕಾ!”

ಇಳಿದೆ. ಅವನು ಹತ್ತಿದ. ಮೊದಲು ಶೀಟಿನ ಕೆಳಗಿನ ಸಂದಿಯ ಸಿಮೆಂಟನ್ನು ಉಳಿಯಿಂದ ಕೆತ್ತಿ ತೆಗೆದ. ಆಮೇಲೆ ಮೇಲಿನ ಸಾಲಿನ ಬ್ಲಾಕಿನ ಸುತ್ತ ಗಾರೆಯನ್ನು ಸಣ್ಣ ಸಣ್ಣ ಏಟಿನಲ್ಲಿ ಬಿಡಿಸಿ, ಒಂದೊಂದನ್ನೂ ಅಲ್ಲಾಡಿಸಿ ಇಡಿಯಾಗಿ ಕೈಗಿಳಿಸಿದ. ಗಾರೆ ಹಸಿಯಾಗಿದ್ದದ್ದು ಈಗ ಒಳ್ಳೆಯದಾಯಿತು. ಭಾರವೆಲ್ಲ ಕಲ್ಲುಕಂಬದ ಮೇಲಿದ್ದದ್ದರಿಂದ ಚಾವಣಿ ಅಲುಗಲಿಲ್ಲ. ಬೇಲಿ ಪಕ್ಕ ಸುಮ್ಮನೆ ಬಿದ್ದಿದ್ದ ಕಲ್ಲು ನನ್ನನ್ನು ಉಳಿಸಿತು. ಧೂಳು ಹುಳದ ಮನೆಗೆ ನುಗ್ಗದಂತೆ ನಾನು ಗೋಣಿತಾಟು ನೆನೆಸಿ ಅದರ ಕಿಟಕಿಗಳಿಗೆ ಇಳಿಬಿಟ್ಟೆ, ತಂದ ಸೊಪ್ಪಿನ ಮೇಲೂ ಒದ್ದೆ ಬಟ್ಟೆ ಮುಚ್ಚಿದೆ. ಅತ್ತ ಹುಳಕ್ಕೆ ಸೊಪ್ಪು, ಇತ್ತ ಗೋಡೆಗೆ ಉಳಿ, ನಡುವೆ ಅಂಗಳದ ಬಿಸಿಲಿನಲ್ಲಿ ಚಂದ್ರಿಕೆಗಳನ್ನು ಬ್ಲೀಚಿಂಗ್ ನೀರಿನಲ್ಲಿ ಉಜ್ಜಿ ಮಗುಚಿ ಹಾಕುವ ಕೆಲಸ. ಹೊಟ್ಟೆಗೆ ಕೂಳಿಲ್ಲದೆ ಓಡಾಡುತ್ತಿದ್ದೆ, ಆದರೆ ಸುಳ್ಳೇಕೆ ಹೇಳಲಿ, ನನಗೆ ಮೈಯಲ್ಲಿ ದೇವರು ಬಂದಷ್ಟು ಹುರುಪು.

ಒಡೆದದ್ದಾಯಿತು. ತೆರೆದ ಜಾಗಕ್ಕೆ ಏನು ತುಂಬುವುದು? ಪೂರಾ ಬಿಟ್ಟರೆ ಇಲಿ, ನಾಯಿ. ತಂತಿ ಜಾಲರಿ ಅಂದರೆ ಕನಕಪುರಕ್ಕೆ ಹೋಗಿ, ಅಳತೆ ಕೊಟ್ಟು, ಚೌಕಟ್ಟು ಮಾಡಿಸಿ ತರಬೇಕು. ಅಷ್ಟು ವ್ಯವಧಾನ ಹುಳಕ್ಕಿಲ್ಲ. ಇಳಿಸಿದ ಬ್ಲಾಕುಗಳ ಪಕ್ಕದಲ್ಲಿ ಕೂತು ನೀರು ಕುಡಿಯುತ್ತಿದ್ದೆ. ಒಂದು ಬ್ಲಾಕು ಅಡ್ಡ ಮಲಗಿತ್ತು. ಅದರ ಎರಡು ದೊಡ್ಡ ತೂತಿನಲ್ಲಿ ಒಂದರಿಂದ ಕೊಟ್ಟಿಗೆಯಲ್ಲಿದ್ದ ನಮ್ಮ ಸೀಮೆಹಸು ನೆಟ್ಟಗೆ ನನ್ನನ್ನೇ ನೋಡುತ್ತಿತ್ತು. ನಿಲ್ಲಿಸಿದರೆ ಆಕಾಶ ನೋಡುವ ತೂತು, ಮಲಗಿಸಿದರೆ ಈಚೆಯಿಂದ ಆಚೆ ನೋಡುತ್ತದೆ! ನೀರಿನ ಚೊಂಬು ಬಿಟ್ಟು ಎದ್ದು ಕೂಗಿದೆ.

“ಮೇಸ್ತ್ರೀ, ಇದ್ನೇ ಮಲಗ್ಸಿ ಕಟ್ಟಪ್ಪಾ!”

ಅವನು ಬ್ಲಾಕು ಎತ್ತಿ ಕಣ್ಣಿಗೆ ಹಿಡಿದು ಹಸುವನ್ನು ನೋಡಿದ, ನನ್ನನ್ನು ನೋಡಿದ. ಬೆಳಗಿನಿಂದ ಬಿಗಿದುಕೊಂಡಿದ್ದ ಮುಖ ಆಗ ಸಡಿಲವಾಯಿತು. “ಒಡ್ದಿದ್ದು ದಂಡ ಆಗ್ನಿಲ್ಲ ಬುಡು” ಅಂದ. ಅದೇ ಬ್ಲಾಕುಗಳನ್ನು ಮಲಗಿಸಿ ಸಾಲಿನ ಮೇಲೆ ಸಾಲು ಕಟ್ಟುತ್ತ ಹೋದ. ಗೋಡೆಯ ತುಂಬ ಕಣ್ಣು. ಒಳಗಡೆ ಊಜಿ ನೊಣಕ್ಕೆ ನೈಲಾನ್ ಪರದೆ ಬಿಗಿದೆವು.

ಪಡುವಣ ಗೋಡೆಗೆ ಪರದೆ ಮುಗಿದಿತ್ತು, ಮೂಡಣಕ್ಕೆ ಇನ್ನೂ ಆಗಿರಲಿಲ್ಲ. ಆ ಬೆಳಗ್ಗೆ ಸೊಪ್ಪು ಹಾಕಲು ಹೋದರೆ ಹುಳ ಸೊಪ್ಪಿಗೆ ಬಾಯಿ ಹಾಕದೆ ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದೆ. ಎತ್ತಿ ಬೆಳಕಿಗೆ ಹಿಡಿದೆ. ಮೈ ತಿಳಿ ಹಳದಿ, ಒಳಗೆ ದ್ರಾಕ್ಷಿಯ ಹಾಗೆ ಬೆಳಕು ಹಾಯುತ್ತಿದೆ. ಬಿಸಿಲಿನ ಝಳಕ್ಕೆ ನನ್ನ ಲೆಕ್ಕಕ್ಕಿಂತ ಒಂದು ದಿನ ಮುಂಚೆಯೇ ಹಣ್ಣಾಗಿತ್ತು. “ಹಣ್ಣಾಗೈತೆ ಬರ್ರವ್ವೋ!” ಅಂತ ಬೀದಿಯಲ್ಲಿ ಕೂಗಿಕೊಂಡು ಬಂದೆ. ನಮ್ಮಲ್ಲಿ ಇದಕ್ಕೆ ಕರೆಯೋಲೆ ಬೇಡ. ಒಬ್ಬರ ಮನೆಯಲ್ಲಿ ಹಣ್ಣಾದರೆ ಕೇರಿಯವರೆಲ್ಲ ತಟ್ಟೆ ಹಿಡಿದು ಬರುತ್ತಾರೆ. ಗೋಡೆ ಒಡೆದದ್ದಕ್ಕೆ ನಕ್ಕವರೂ ಬಂದರು, ನಗುತ್ತಲೇ ಬಂದರು. ಪರದೆ ಇಲ್ಲದ ಮೂಡಣ ಗೋಡೆ ನೋಡಿ ಅತ್ತೆ ಒಳಗೆ ಹೋಗಿ ತಮ್ಮ ತೆಳ್ಳನೆಯ ಹಳೇ ನೂಲಿನ ಸೀರೆ ತಂದು, “ಕಟ್ಟು. ಗಾಳಿ ಬತ್ತದೆ, ನೊಣ ಬರಾಕಿಲ್ಲ” ಅಂದರು.

ಆಯ್ದು ಆಯ್ದು ಬಿಟ್ಟೆವು. ಚಂದ್ರಿಕೆಗಳನ್ನು ನಾನು ಅಂಗಳದಲ್ಲಿ ಜೋಡಿಸಿ ಅಳೆದಿದ್ದ ಹಾಗೇ ಒರಗಿಸಿ ನಿಲ್ಲಿಸಿದೆವು. ನಡುವಿನ ದಾರಿಯಲ್ಲಿ ಬುಟ್ಟಿ ಹಿಡಿದ ಹೆಂಗಸರು ಒಬ್ಬರಿಗೊಬ್ಬರು ತಾಗದೆ ಓಡಾಡಿದರು. ಸಂಜೆಗೆ ಗುಡುಗಿತು. ಮಳೆ ಸುರಿಯಿತು ನೋಡಿ, ಪಡುವಣದಿಂದ ಅಡ್ಡ ಹೊಡೆಯುವ ಮಳೆ. ನಾನು ಗೋಡೆಯ ಕಣ್ಣಿಗೆ ಅಂಗೈ ಒಡ್ಡಿ ನಿಂತೆ. ಬಟ್ಟೆ ಒಗೆಯುವ ಕಲ್ಲಿಗೆಂದು ಚಾಚಿಸಿದ್ದ ಶೀಟು ಮಳೆಯನ್ನೆಲ್ಲ ಆಚೆಗೇ ಚೆಲ್ಲುತ್ತಿತ್ತು. ಕೈಗೆ ಬಂದದ್ದು ಬರೀ ತಂಪು ಗಾಳಿ. ಅದು ಒಂದು ಗೋಡೆಯಲ್ಲಿ ಬಂದು ಚಂದ್ರಿಕೆಗಳ ನಡುವೆ ಹಾದು ಅತ್ತೆಯ ಸೀರೆಯನ್ನು ಉಬ್ಬಿಸಿ ಆಚೆ ಹೋಗುತ್ತಿತ್ತು. ನಮ್ಮನೆಯವರು ಸ್ಟೂಲು ಹತ್ತಿ ಶೀಟಿನ ಒಳಮೈ ಸವರಿ, ಒಣಗಿದ ಅಂಗೈಯನ್ನು ನನಗೆ ತೋರಿಸಿದರು.  ನನಗೆ ಅಷ್ಟೇ ಸಾಕಾಗಿತ್ತು, ಆದರೂ “ಮುಂದ್ಲ ಬೆಳೇಲಿ ಇನ್ನೊಂದ್ ಗೋಡೆ ಒಡ್ಸನ” ಅಂದೆ.

ಗೂಡು ಬಿಡಿಸುವ ದಿನ ಒಂದನ್ನು ಕಿವಿಯ ಹತ್ತಿರ ಆಡಿಸಿದೆ. ಒಳಗಿನ ಹುಳ ಒಣಗಿದ ಗೂಡಿಗೆ ಬಡಿದು ಗಟ್ಟಿಯಾಗಿ ಟಕಟಕ ಅಂತು. ಕಲೆ ಬಿದ್ದವು ಹುಡುಕಿದರೂ ಒಂದು ಬೊಗಸೆ ಸಿಗಲಿಲ್ಲ. ಮಾರುಕಟ್ಟೆಯಲ್ಲಿ ನೂಲು ತೆಗೆಯುವ ಸಾಬರೊಬ್ಬರು ಗೂಡಿನ ರಾಶಿಯೊಳಗೆ ಮೊಣಕೈವರೆಗೂ ಕೈ ಇಳಿಸಿ ತೆಗೆದು, “ಎಲ್ಲಿ ಕಟ್ಸಿದ್ದಮ್ಮ ಇದು, ಒಳ್ಳೆ ಒಣಗೈತಲ್ಲ?” ಅಂದರು. “ಒಡೆದ ಮನೇಲಿ” ಅಂದೆ. ಅವರಿಗೆ ಅರ್ಥವಾಗಲಿಲ್ಲ, ನಮ್ಮನೆಯವರು ಕೆಮ್ಮಿದರು.

ಸೀಮಂತ ಮುಗಿಸಿಕೊಂಡು ಮಗಳು ಬಂದಳು. ತುಂಬಿದ ಬಸುರಿ, ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿ, ನನ್ನ ಕೈ ಹಿಡಿದುಕೊಂಡಳು. ಆದರೆ ಆ ಕೋಣೆಯಲ್ಲಿ ಅವಳು ಮಲಗುತ್ತಿದ್ದ ಹೊತ್ತು ಕಡಿಮೆ. ಚಂದ್ರಿಕೆಗಳನ್ನು ಒಂದು ಮಗ್ಗುಲಿಗೆ ಒರಗಿಸಿದ ಶೆಡ್ಡಿನಲ್ಲಿ ಚಾಪೆ ಹಾಕಿಕೊಂಡು, ಗೋಡೆಯ ಕಣ್ಣುಗಳಿಂದ ಬೀಳುವ ಬೆಳಕಿನ ಬಿಲ್ಲೆಗಳ ನಡುವೆ ಮಧ್ಯಾಹ್ನವೆಲ್ಲ ಕೂತಿರುತ್ತಿದ್ದಳು. ಗೋಡೆ ಒಡೆದ ಕತೆಯನ್ನು ಅವಳಜ್ಜಿ ಅವಳಿಗೆ ದಿನಕ್ಕೊಂದು ಸಲ ಹೇಳುತ್ತಿದ್ದರು, ಒಂದೊಂದು ಸಲವೂ ನಾನು ಏಣಿಯ ಮೇಲೆ ಇನ್ನಷ್ಟು ಎತ್ತರಕ್ಕೆ ಹತ್ತಿರುತ್ತಿದ್ದೆ.

ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಿಂದ ಬಂದ ಬಾಣಂತಿಯನ್ನು ಕೋಣೆಯಲ್ಲಿ ಮಲಗಿಸಿ, ನಾನೂ ಅತ್ತೆಯೂ ಮಾಡಬೇಕಾದದ್ದನ್ನೆಲ್ಲ ಮಾಡಿದೆವು. ತಲೆಗೆ ಬಟ್ಟೆ, ಕಿವಿಗೆ ಹತ್ತಿ. ಕಿಟಕಿ ಭದ್ರವಾಗಿ ಹಾಕಿ, ಸಂದಿಗೆ ಶೆಡ್ಡಿನಿಂದ ಬಿಚ್ಚಿ ಒಗೆದಿಟ್ಟಿದ್ದ ಅದೇ ಹಳೇ ಸೀರೆ ತುರುಕಿದೆವು. ಬಾಣಂತಿಗೆ ಗಾಳಿ ಸೋಕಬಾರದು. ನನಗೂ ಹೀಗೇ ಮಾಡಿದ್ದರು, ನಮ್ಮತ್ತೆಗೂ. ಒಂದು ಮಧ್ಯಾಹ್ನ ಮಗುವಿಗೆ ನೀರು ಹಾಕಿ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಒಳಗೆ ತಂದೆ. ಮಗಳ ಹಣೆ, ಕುತ್ತಿಗೆ ಎಲ್ಲ ಬೆವರು. ಮಗು ಕೆಂಪಗಾಗಿ ಮುಲುಕುತ್ತಿತ್ತು. ಹೊಸದಾಗಿ ಬಳಿಸಿದ ಸುಣ್ಣದ ಗೋಡೆಯ ಮೇಲೆ, ಕಿಟಕಿಯ ಪಕ್ಕ, ಸಣ್ಣ ಸಣ್ಣ ಹನಿ ಕೂತಿದ್ದವು.

“ಅವ್ವಾ” ಅಂದಳು ಮಗಳು, ಮೆಲ್ಲಗೆ, “ಹುಳಕ್ಕೆ ಗಾಳಿ ಬೇಕು ಅಂತ ಗೋಡೇನೇ ಒಡುಸ್ದೆ. ನಂಗೊಂದು ಕಿಟ್ಕಿ ತಗ್ಯಾಕಿಲ್ವಾ?”

ಕೆಂಡದ ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟೆ. ಬಾಗಿಲಲ್ಲಿ ಕೂತಿದ್ದ ಅತ್ತೆಯ ಕಡೆ ನೋಡಿದೆ. ಅವರು ಗೋಡೆಯ ಮೇಲಿನ ಹನಿಗಳನ್ನೇ ನೋಡುತ್ತಿದ್ದರು. ಎಲೆಯಡಿಕೆ ಜಗಿಯುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು.

“ಮಗೀಗೆ ನೇರ ಬೀಸ್ಬಾರ್ದು. ಮ್ಯಾಲಿನ ಬಾಗ್ಲು ತಗಿ.”

ತಟ್ಟೆ ಕೆಳಗಿಟ್ಟೆ. ತುರುಕಿದ್ದ ಸೀರೆಯನ್ನು ಎಳೆದು, ಕಿಟಕಿಯ ಮೇಲಿನ ಎರಡು ಬಾಗಿಲನ್ನೂ ತೆರೆದೆ. ಸಾಂಬ್ರಾಣಿಯ ಹೊಗೆ ಒಮ್ಮೆ ನಿಂತು, ತಿರುಗಿ, ಆಚೆಗೆ ಹೊರಟಿತು. ಮಗಳು ಒಂದು ಕಿವಿಯ ಹತ್ತಿ ತೆಗೆದು ದಿಂಬಿನ ಕೆಳಗಿಟ್ಟು, ಮಗುವಿನ ಕಡೆ ತಿರುಗಿ ಮಲಗಿದಳು. ಬೇಗನೆ ನಿದ್ದೆ ಹೋದಳು.